ಬಾರದ ಫೋನು

ಹದಿನೇಳು ವರ್ಷ ನಾನು ಸಿಂದಗಿ ತಾಲೂಕಿನ ಒಂದು ಹಳ್ಳಿಯ ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದೆ. ಹೊಲಗಳ ನಡುವೆ ತಂತಿಬೇಲಿ ಹಾಕಿದ ಅಂಗಳ, ಅಂಗಳದ ತುಂಬ ಜಲ್ಲಿಕಲ್ಲು, ಹಗಲಿರುಳು ಗುಂಯ್‌ಗುಡುವ ಎರಡು ಟ್ರಾನ್ಸ್‌ಫಾರ್ಮರ್. ಪಕ್ಕದ ಕೋಣೆಯಲ್ಲಿ ಸಾಲಾಗಿ ನಿಂತ ಕಬ್ಬಿಣದ ಪ್ಯಾನೆಲ್‌ಗಳು, ಒಂದು ಮೇಜು, ಒಂದು ಫೋನು, ಎರಡು ರಜಿಸ್ಟರು. ಅಲ್ಲಿಂದ ಹೊರಟ ಲೈನುಗಳು ಸುತ್ತಲಿನ ಹಳ್ಳಿಗಳಿಗೂ ಹೊಲದ ಪಂಪ್‌ಸೆಟ್ಟುಗಳಿಗೂ ಹೋಗುತ್ತಿದ್ದವು. ಯಾವ ಲೈನಿಗೆ ಎಷ್ಟು ಹೊತ್ತಿಗೆ ಕರೆಂಟು ಬಿಡಬೇಕು, ಎಷ್ಟು ಹೊತ್ತಿಗೆ ತೆಗೆಯಬೇಕು ಎಂದು ನೋಡಿಕೊಳ್ಳುವುದು ನನ್ನ ಕೆಲಸ.

ಆ ಕೆಲಸದಲ್ಲಿ ಒಂದು ಭಾಗ ಮಾತ್ರ ಉಳಿದದ್ದರ ಹಾಗಲ್ಲ. ಲೈನ್‌ಮನ್ ಕಂಬ ಹತ್ತುವ ಮೊದಲು ನಮಗೆ ಫೋನ್ ಮಾಡಿ ‘ಎಲ್‌ಸಿ ಕೊಡ್ರಿ’ ಎನ್ನುತ್ತಾನೆ. ಲೈನ್ ಕ್ಲಿಯರ್ ಕೊಡಿ ಎಂದು ಅರ್ಥ. ನಾವು ಪ್ಯಾನೆಲ್ಲಿನ ಹಿಡಿ ತಿರುವಿ ಆ ಲೈನನ್ನು ಬಂದ್ ಮಾಡಿ, ಅಂಗಳಕ್ಕೆ ಹೋಗಿ ಸ್ವಿಚ್ ಬಿಚ್ಚಿ, ಭೂಮಿಗೆ ಜೋಡಿಸುವ ಅರ್ಥ್ ಸ್ವಿಚ್ ಹಾಕಿ, ‘ಲೈನಿನಲ್ಲಿ ಕೆಲಸ ನಡೆದಿದೆ’ ಎಂಬ ಕೆಂಪು ಹಲಗೆ ತೂಗುಹಾಕಿ, ರಜಿಸ್ಟರಿನಲ್ಲಿ ಬರೆದುಕೊಂಡು, ಅವನಿಗೊಂದು ನಂಬರು ಕೊಡುತ್ತೇವೆ. ಆಮೇಲೆಯೇ ಅವನು ಹತ್ತುವುದು. ಕೆಲಸ ಮುಗಿದ ಮೇಲೆ ಎಲ್ಲರೂ ಇಳಿದಿದ್ದಾರೆ ಎಂದು ಹೇಳಿ, ತನ್ನ ಕಡೆಯಿಂದ ಒಂದು ನಂಬರು ಕೊಟ್ಟು ಎಲ್‌ಸಿ ವಾಪಸ್ ಮಾಡುತ್ತಾನೆ. ಆ ನಂಬರು ರಜಿಸ್ಟರಿನ ಕಾಲಂನಲ್ಲಿ ಬೀಳದೆ ಲೈನಿಗೆ ಕರೆಂಟು ಬಿಡುವಂತಿಲ್ಲ. ಕಂಬದ ಮೇಲಿನವನಿಗೂ ಕೋಣೆಯಲ್ಲಿ ಕುಳಿತವನಿಗೂ ನಡುವೆ ಇರುವುದು ಆ ಎರಡು ನಂಬರು, ಅಷ್ಟೆ.

ನನ್ನ ನೆನಪಿನ ಬಗ್ಗೆ ನನಗೆ ಸೊಕ್ಕಿತ್ತು. ಸೊಕ್ಕು ಎಂದೇ ಹೇಳುತ್ತೇನೆ. ನಮ್ಮ ಸೆಕ್ಷನ್ನಿನ ಎಲ್ಲ ಲೈನ್‌ಮನ್‌ಗಳ ಫೋನ್ ನಂಬರು ನನಗೆ ಬಾಯಿಪಾಠ. ಮೋರಟಗಿ ಕಡೆಯ ರೈತ ಫೋನ್ ಮಾಡಿ ‘ತ್ರೀ ಫೇಸ್ ಯಾವಾಗ ಕೊಡ್ತೀರ್ರಿ?’ ಎಂದರೆ, ಹೆಸರು ಕೇಳದೆ ದನಿಯ ಮೇಲೆಯೇ ಅವನ ಹೊಲ ಯಾವ ಟ್ರಾನ್ಸ್‌ಫಾರ್ಮರಿನ ಕೆಳಗಿದೆ ಎಂದು ಹೇಳುತ್ತಿದ್ದೆ. ನಮ್ಮ ಸ್ಟೇಷನ್ನಿನ ಅಡಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಲೈನ್‌ಮನ್ ನನಗಿಂತ ಹತ್ತು ವರ್ಷ ಸಣ್ಣವನು; ಕಂಬ ಹತ್ತುವುದರಲ್ಲಿ ಅವನಿಗೆ ಸಾಟಿ ಇರಲಿಲ್ಲ. ಅವನು ಎಲ್ಲರೆದುರಿಗೆ ಹೇಳುತ್ತಿದ್ದ: “ರಜಿಸ್ಟರ್ ಸುಟ್ಟ್ರೂ ನಡೀತೈತ್ರಿ, ನಮ್ಮ ಅಣ್ಣಾರ ಒಬ್ಬರು ಡ್ಯೂಟಿ ಮ್ಯಾಲೆ ಇದ್ರ ಸಾಕು.” ಆ ಮಾತು ಕೇಳಿದಾಗ ನಾನು ಬೇಡವೆನ್ನುವಂತೆ ಕೈಯಾಡಿಸುತ್ತಿದ್ದೆ, ಒಳಗೆ ಹಿಗ್ಗುತ್ತಿದ್ದೆ.

ಕೊರೊನಾದ ಎರಡನೆಯ ಅಲೆಯ ಬೇಸಿಗೆಯಲ್ಲಿ ನನಗೆ ಜ್ವರ ಬಂತು. ಐದನೆಯ ದಿನಕ್ಕೆ ಉಸಿರು ಸಾಲದಾಯಿತು. ಹೆಂಡತಿ ಹೇಗೋ ಗಾಡಿ ಹೊಂದಿಸಿ ವಿಜಯಪುರದ ಆಸ್ಪತ್ರೆಗೆ ಕರೆದೊಯ್ದಳು. ಒಂಬತ್ತು ದಿನ ಆಕ್ಸಿಜನ್ ಮೇಲಿದ್ದೆ. ಬದುಕಿ ಬಂದೆ. ಮನೆಗೆ ಬಂದ ದಿನ ಓಣಿಯವರು ದೂರ ನಿಂತೇ ‘ಗೆದ್ದು ಬಂದ್ರಿ’ ಎಂದರು. ನಾನೂ ಹಾಗೆಯೇ ತಿಳಿದೆ. ಒಂದೂವರೆ ತಿಂಗಳಿಗೆ ನಾಲಿಗೆಯ ರುಚಿ ಮರಳಿತು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ನಿಂತಿತು, ಡ್ಯೂಟಿಗೆ ಹಾಜರಾದೆ.

ಮೊದಲು ಕೈಕೊಟ್ಟದ್ದು ಮಾತು. ಒಂದು ಬೆಳಗ್ಗೆ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಪಾತ್ರೆ ಇಳಿಸಲು ಇಕ್ಕಳ ಕೇಳಬೇಕು, ಆ ಶಬ್ದವೇ ಬರಲಿಲ್ಲ. ಎರಡು ಬೆರಳು ಕೂಡಿಸಿ ಬಿಚ್ಚಿ ತೋರಿಸಿದೆ. ಹೆಂಡತಿ ನಕ್ಕಳು, ನಾನೂ ನಕ್ಕೆ. ಹಾಲು ಒಲೆಯ ತುಂಬ ಹರಿಯಿತು. ವಾರದೊಳಗೆ ಇಂಥವು ದಿನಕ್ಕೆ ನಾಲ್ಕೈದಾದವು. ಪತ್ರಿಕೆಯ ಒಂದೇ ಸುದ್ದಿಯನ್ನು ನಾಲ್ಕು ಸಲ ಓದಿದರೂ ಮೊದಲ ಸಾಲು ಕೊನೆಯ ಸಾಲಿಗೆ ಮುಟ್ಟುತ್ತಿರಲಿಲ್ಲ. ಇಬ್ಬರು ಒಮ್ಮೆಲೇ ಮಾತಾಡಿದರೆ ತಲೆಯೊಳಗೆ ಹತ್ತಿ ತುಂಬಿದಂತೆ ಆಗುತ್ತಿತ್ತು. ಸ್ವಲ್ಪ ಲೆಕ್ಕ ಮಾಡಿದರೆ ಹೊಲದಲ್ಲಿ ಇಡೀ ದಿನ ದುಡಿದವನಂತೆ ದಣಿಯುತ್ತಿದ್ದೆ. ಮಲಗಿದರೂ ಆ ದಣಿವು ಹೋಗುತ್ತಿರಲಿಲ್ಲ.

ಡ್ಯೂಟಿಯಲ್ಲಿ ಒಂದು ದಿನ ಫೋನೆತ್ತಿ ಆ ಲೈನ್‌ಮನ್‌ನ ನಂಬರು ಒತ್ತಲು ಹೋದೆ. ಮೊದಲ ನಾಲ್ಕು ಅಂಕಿ ಬಂದವು, ಮುಂದಿನದು ಬರಲಿಲ್ಲ. ಸಾವಿರ ಸಲ ಒತ್ತಿದ ನಂಬರು. ಗೋಡೆಗೆ ಅಂಟಿಸಿದ ಪಟ್ಟಿ ನೋಡಿ ಒತ್ತಿದೆ. ಆ ಪಟ್ಟಿಯನ್ನು ಹದಿನೇಳು ವರ್ಷದಲ್ಲಿ ನಾನು ನೋಡಿದ್ದು ಅದೇ ಮೊದಲು.

ಅವತ್ತಿನಿಂದ ಮುಚ್ಚಿಡಲು ಶುರುಮಾಡಿದೆ. ಅಂಗಿಯ ಜೇಬಿನಲ್ಲಿ ಚೀಟಿಗಳು ತುಂಬಿದವು. ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಳ್ಳುತ್ತಿದ್ದೆ. ಬೆವರಿಗೆ ಅಳಿಸಿ ನೀಲಿ ಕಲೆಯಾಗುತ್ತಿತ್ತು. ಯಾರಾದರೂ ಏನಾದರೂ ಕೇಳಿದರೆ ‘ಒಂದ್ ನಿಮಿಷ ತಡಿ, ಫೋನ್ ಬಂದೈತಿ’ ಎಂದು ಹೊತ್ತು ಕಳೆಯುವುದನ್ನು ಕಲಿತೆ. ನೆನಪಾಗದ್ದನ್ನು ನೆನಪಿದ್ದಂತೆ ಹೇಳುವುದು ಎಷ್ಟು ಸುಲಭವೆಂದು ನನಗೆ ಗೊತ್ತಾದದ್ದು ಆ ದಿನಗಳಲ್ಲಿಯೇ.

ದೀಪಾವಳಿ ಕಳೆದ ಮೇಲೆ ಮುದ್ದೇಬಿಹಾಳದಲ್ಲಿರುವ ನನ್ನ ತಂಗಿಯ ಮೊಮ್ಮಗುವಿಗೆ ತೊಟ್ಟಿಲ ಶಾಸ್ತ್ರ ಇಟ್ಟುಕೊಂಡಿದ್ದರು. ಹೆಂಡತಿ ಎರಡು ದಿನ ಮೊದಲೇ ಹೋಗಿದ್ದಳು. ನಾನು ಡ್ಯೂಟಿ ಮುಗಿಸಿ ಒಬ್ಬನೇ ಬಸ್ ಹತ್ತಿದೆ. ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಹೊರಗೆ ಬಂದು ನಿಂತೆ. ಎಡಕ್ಕೋ ಬಲಕ್ಕೋ ತಿಳಿಯಲಿಲ್ಲ. ಇಪ್ಪತ್ತು ವರ್ಷದಿಂದ ಹೋಗಿಬಂದ ಮನೆ. ಮನೆಯ ಬಾಗಿಲು ಕಣ್ಣಿಗೆ ಕಟ್ಟುತ್ತಿತ್ತು, ಅಂಗಳದ ಬೇವಿನ ಮರ ಕಟ್ಟುತ್ತಿತ್ತು, ಅಲ್ಲಿಗೆ ಹೋಗುವ ದಾರಿ ಮಾತ್ರ ಇರಲಿಲ್ಲ. ಆಟೋದವರು ಮುತ್ತಿದರು. “ಎಲ್ಲಿಗ್ರೀ ಕಾಕಾ?” ಎಂದು ಕೇಳಿದವನಿಗೆ ಓಣಿಯ ಹೆಸರು ಹೇಳಲಾಗಲಿಲ್ಲ. ವಾಪಸ್ ಒಳಗೆ ಹೋಗಿ ಕಲ್ಲಿನ ಬೆಂಚಿನ ಮೇಲೆ ಕುಳಿತೆ. ಜೇಬಿನಲ್ಲಿ ಮೊಬೈಲು ಇತ್ತು. ತಂಗಿಗೆ ಫೋನ್ ಮಾಡಿದ್ದರೆ ಎರಡು ನಿಮಿಷದ ಕೆಲಸ. ಮಾಡಲಿಲ್ಲ. ‘ನಿನ್ನ ಮನಿ ದಾರಿ ಮರತೇನಿ’ ಎಂದು ಒಡಹುಟ್ಟಿದವಳಿಗೆ ಹೇಗೆ ಹೇಳಲಿ? ಒಂದೂವರೆ ತಾಸು ಹೋಗುವ ಬರುವ ಬಸ್ಸುಗಳ ಬೋರ್ಡು ಓದುತ್ತ ಕುಳಿತೆ. ಕೊನೆಗೆ ಅವಳೇ ಫೋನ್ ಮಾಡಿದಳು.

“ಅಣ್ಣಾ, ಎಲ್ಲಿದ್ದಿ? ಕೂಸಿನ ಹೆಸರಿಡೂ ಹೊತ್ತಾತು.”

“ಬಸ್ ಕೆಟ್ಟಿತ್ತವ್ವಾ, ಈಗರೆ ಇಳದೇನಿ. ಯಾರನರೆ ಸ್ಟ್ಯಾಂಡಿಗೆ ಕಳಸು, ಗಂಟು ಭಾಳ ಅದಾವು.”

ನನ್ನ ಕೈಯಲ್ಲಿ ಒಂದು ಸಣ್ಣ ಚೀಲವಿತ್ತು. ಕರೆಯಲು ಬಂದ ತಂಗಿಯ ಮಗ ಚೀಲ ನೋಡಿದ, ನನ್ನ ಮುಖ ನೋಡಿದ, ಚೀಲ ಕೈಗೆ ತೆಗೆದುಕೊಂಡು ಮುಂದೆ ನಡೆದ.

ಹೆಂಡತಿಯ ಕಣ್ಣು ತಪ್ಪಿಸಲಾಗಲಿಲ್ಲ. ಊರಿಗೆ ಮರಳಿದ ಮರುದಿನ ಅಂಗಿ ಒಗೆಯುವಾಗ ಜೇಬಿನ ಚೀಟಿಗಳನ್ನೆಲ್ಲ ತೆಗೆದು ಒಣಗಿಸಿ ನನ್ನ ಮುಂದೆ ಸಾಲಾಗಿ ಇಟ್ಟಳು. ಒಂದರಲ್ಲಿ ‘ಊಟ ಆಗಿದೆ’ ಎಂದು ಬರೆದಿತ್ತು.

“ಇದೇನ್ರಿ ಇದು?”

“ಸುಮ್ಮ ಬರದಿದ್ದೆ.”

“ಊಟ ಮಾಡಿದ್ದು ಸುಮ್ಮ ಬರಕೋತಾರೇನ್ರಿ ಯಾರರೆ? ಡಾಕ್ಟರ್‌ಗೆ ತೋರ್ಸೂನು, ನಡೀರಿ.”

“ಏನಂತ ತೋರ್ಸಲಿ? ತಲಿ ಕೆಟ್ಟೈತಿ ಅಂತ ಬರದು ಕೊಡ್ತಾರ. ಆಮೇಲೆ ನೌಕರಿ ನೀ ಮಾಡ್ತಿಯೇನು?”

ಅವಳು ಚೀಟಿಗಳನ್ನು ಒಂದರ ಮೇಲೊಂದು ಇಟ್ಟು ರಬ್ಬರ್ ಬ್ಯಾಂಡ್ ಹಾಕಿ ಕಪಾಟಿನಲ್ಲಿಟ್ಟಳು. ಹಾಗೆ ಒರಟಾಗಿ ನಾನು ಅವಳ ಜೊತೆ ಎಂದೂ ಮಾತಾಡಿದವನಲ್ಲ. ಅದೂ ಆ ಜ್ವರದ ಜೊತೆಗೆ ಬಂದದ್ದೇ ಇರಬೇಕು.

ಆಮೇಲಿನದು ಜನವರಿಯ ಮಾತು. ತೊಗರಿ ರಾಶಿ ನಡೆದಿದ್ದ ದಿನಗಳು. ಜೋಳ ತೆನೆ ಕಟ್ಟಿತ್ತು. ನಮ್ಮ ಸ್ಟೇಷನ್ನಿನಿಂದ ಹೊರಟ ಲೈನುಗಳಲ್ಲಿ ಹಳ್ಳದ ಗುಂಟ ಹೋಗುವುದನ್ನು ನಾವು ಹಳ್ಳದ ಲೈನು ಎಂದೇ ಕರೆಯುತ್ತಿದ್ದೆವು. ಅದರ ಮೂರು ಕಂಬಗಳಲ್ಲಿ ತಂತಿಯನ್ನು ಹಿಡಿದಿಡುವ ಪಿಂಗಾಣಿ ಬಟ್ಟಲುಗಳು ಒಡೆದಿದ್ದವು. ನಾನು ಹೇಳಿದ ಆ ಲೈನ್‌ಮನ್ ಒಬ್ಬ ಸಹಾಯಕನ ಜೊತೆ ಹಿಂದಿನ ದಿನವೂ ಎಲ್‌ಸಿ ತೆಗೆದುಕೊಂಡು ಒಂದು ಕಂಬ ಮುಗಿಸಿದ್ದ. ಅವತ್ತು ಬೆಳಗ್ಗೆ ಹತ್ತೂವರೆಗೆ ಮತ್ತೆ ಫೋನ್ ಮಾಡಿದ.

“ಅಣ್ಣಾರ, ಹಳ್ಳದ ಲೈನ್ ಎಲ್‌ಸಿ ಕೊಡ್ರಿ. ಉಳದ ಎರಡ ಕಂಬ ಇವತ್ತ ಮುಗಸ್ತೇವಿ.”

ನಾನು ಎಲ್ಲ ಕ್ರಮವಾಗಿಯೇ ಮಾಡಿದೆ. ಲೈನ್ ಬಂದ್ ಮಾಡಿದೆ, ಅಂಗಳದಲ್ಲಿ ಸ್ವಿಚ್ ಬಿಚ್ಚಿದೆ, ಅರ್ಥ್ ಹಾಕಿದೆ, ಹಲಗೆ ತೂಗಿದೆ, ಬರೆದೆ, ನಂಬರು ಕೊಟ್ಟೆ. ನನ್ನ ಜೊತೆ ಇರಬೇಕಾದವನು ಅಂದು ರಜೆಯಲ್ಲಿದ್ದ. ಅಲ್ಲಿಂದ ಫೋನುಗಳು ಸುರುವಾದವು. ಆಫೀಸಿನಿಂದ ತಿಂಗಳ ರೀಡಿಂಗ್ ಕೇಳಿದರು. ಪ್ಯಾನೆಲ್‌ನಿಂದ ಪ್ಯಾನೆಲ್‌ಗೆ ಓಡಾಡಿ ಅಂಕಿ ಓದಿ ಹೇಳಿದೆ. ಎರಡು ಸಲ ತಪ್ಪಿದೆ, ಮೂರನೆಯ ಸಲ ಸರಿಹೋಯಿತು. ತಲೆ ಭಾರವಾಯಿತು. ಹಳ್ಳದ ದಂಡೆಯ ರೈತರು ಒಬ್ಬರ ಹಿಂದೊಬ್ಬರು: “ಜೋಳಕ್ಕ ನೀರ ಹಾಸಾಕತ್ತೇವ್ರಿ, ಅರ್ಧಕ್ಕ ನಿಂತೈತಿ, ಲಗೂನ ಕೊಡ್ರಿ.” ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ಹೀಗೊಂದು ಫೋನ್ ಇಟ್ಟು ಪ್ಯಾನೆಲ್ ಕಡೆ ನೋಡಿದೆ. ಹಳ್ಳದ ಲೈನು ಬಂದ್ ಇತ್ತು.

ಇದ್ಯಾಕೆ ಇನ್ನೂ ಬಂದ್ ಇದೆ ಎಂದುಕೊಂಡೆ. ಅವನು ಎಲ್‌ಸಿ ವಾಪಸ್ ಕೊಟ್ಟನಲ್ಲ?

ಕೊಟ್ಟಿದ್ದ. ಅದು ನನಗೆ ಸ್ಪಷ್ಟ ನೆನಪಿತ್ತು. ಅವನ ದನಿ ಕಿವಿಯಲ್ಲಿತ್ತು: ‘ಎಲ್ಲಾರೂ ಕೆಳಗ ಇಳದೇವ್ರಿ ಅಣ್ಣಾರ, ಕರೆಂಟ್ ಬಿಡ್ರಿ.’ ಅವನ ಹಿಂದೆ ಯಾರೋ ಮೋಟರ್‌ಸೈಕಲ್ ಒದ್ದು ಚಾಲೂ ಮಾಡಿದ ಸಪ್ಪಳವೂ ಕೇಳಿತ್ತು. ಅಷ್ಟು ತಿಂಗಳಲ್ಲಿ ಯಾವ ನೆನಪೂ ಅಷ್ಟು ನಿಚ್ಚಳವಾಗಿ ಬಂದಿರಲಿಲ್ಲ. ಅದಕ್ಕೇ ಇರಬೇಕು, ಒಂದಿಷ್ಟೂ ಅನುಮಾನ ಬರಲಿಲ್ಲ. ಅದು ಹಿಂದಿನ ದಿನದ ಫೋನು.

ಅಂಗಳಕ್ಕೆ ಹೋದೆ. ಕೆಂಪು ಹಲಗೆಯನ್ನು ನನ್ನ ಕೈಯಾರೆ ತೆಗೆದೆ. ಅರ್ಥ್ ಬಿಚ್ಚಿದೆ. ಲೈನಿನ ಸ್ವಿಚ್ ಕೂಡಿಸಿದೆ. ಒಳಗೆ ಬಂದು ರಜಿಸ್ಟರು ತೆರೆದೆ. ವಾಪಸ್ ಕೊಟ್ಟ ಹೊತ್ತಿನ ಕಾಲಂ ಖಾಲಿ ಇತ್ತು. ನನಗೆ ನನ್ನ ಮೇಲೆಯೇ ಸಿಟ್ಟು ಬಂತು: ಮತ್ತೆ ಬರೆಯುವುದನ್ನು ಮರೆತಿದ್ದೇನೆ. ಹತ್ತು ದಿನದ ಹಿಂದಷ್ಟೇ ನಮ್ಮ ಸೆಕ್ಷನ್ ಆಫೀಸರು ರಜಿಸ್ಟರು ತಿರುವಿ ಹಾಕಿ, ಕಾಲಂಗಳನ್ನು ಖಾಲಿ ಬಿಟ್ಟಿದ್ದಕ್ಕೆ ಎಲ್ಲರೆದುರು ಬೈದಿದ್ದರು. ಗಡಿಯಾರ ನೋಡಿ ಅಂದಾಜಿಗೆ ಹನ್ನೆರಡು ಇಪ್ಪತ್ತು ಎಂದು ಬರೆದೆ. ಲೈನ್‌ಮನ್‌ನ ಹೆಸರು ಬರೆದೆ. ಅವನು ಕೊಟ್ಟ ನಂಬರಿನ ಜಾಗಕ್ಕೆ ಬಂದು ಪೆನ್ನು ನಿಂತಿತು.

ನಂಬರು ನೆನಪಿರಲಿಲ್ಲ. ದನಿ ಇತ್ತು, ಮೋಟರ್‌ಸೈಕಲ್ ಇತ್ತು, ನಂಬರಿರಲಿಲ್ಲ. ಒಂದು ನಂಬರು ನಾನೇ ಹಾಕಿಬಿಡಲೇ ಎಂದು ಯೋಚಿಸಿದೆ. ಯೋಚಿಸಿದೆ ಎಂಬುದನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದನ್ನು ಬರೆದೂ ಉಪಯೋಗವಿಲ್ಲ. ಆದರೆ ಲೈನ್‌ಮನ್‌ಗಳು ತಮ್ಮ ಡೈರಿಯಲ್ಲಿಯೂ ಬರೆದುಕೊಂಡಿರುತ್ತಾರೆ. ತಾಳೆ ಬೀಳದಿದ್ದರೆ ಸಿಕ್ಕಿಬೀಳುತ್ತೇನೆ. ಮೊದಲು ಕರೆಂಟು ಬಿಟ್ಟು, ಆಮೇಲೆ ಫೋನ್ ಮಾಡಿ ಕೇಳಿಕೊಂಡರಾಯಿತು ಎಂದು ಎದ್ದೆ. ಪ್ಯಾನೆಲ್ ಮುಂದೆ ನಿಂತು ಸ್ವಿಚ್ಚಿನ ಹಿಡಿ ಹಿಡಿದೆ. ಆಗ ಅನಿಸಿತು: ಕರೆಂಟು ಬಿಟ್ಟೊಡನೆ ಮತ್ತೆ ಫೋನುಗಳು ಬರುತ್ತವೆ, ನಂಬರು ಕೇಳುವುದನ್ನು ಮರೆತೇಬಿಡುತ್ತೇನೆ. ಮೊದಲು ಕೇಳುವುದೇ ಒಳ್ಳೆಯದು.

ಹಿಡಿ ಬಿಟ್ಟು ಮೇಜಿಗೆ ಬಂದೆ. ಪಟ್ಟಿ ನೋಡಿ ನಂಬರು ಒತ್ತಿದೆ. ಫೋನು ಬಹಳ ಹೊತ್ತು ಬಡಿದುಕೊಂಡು ಕಡಿದುಹೋಯಿತು. ಗಾಡಿ ಮೇಲಿರಬೇಕು ಎಂದುಕೊಂಡೆ. ಅಷ್ಟರಲ್ಲಿ ನನ್ನ ಮೊಬೈಲಿಗೆ ಮತ್ತೊಬ್ಬ ರೈತನ ಫೋನು, ಎತ್ತಲಿಲ್ಲ. ಎದ್ದು ಎರಡು ಹೆಜ್ಜೆ ಪ್ಯಾನೆಲ್ ಕಡೆ ಹೋದೆ. ನಿಂತೆ. ವಾಪಸ್ ಬಂದು ಇನ್ನೊಮ್ಮೆ ಒತ್ತಿದೆ.

“ಹೇಳ್ರಿ ಅಣ್ಣಾರ.” ಗಾಳಿಯ ಸಪ್ಪಳದ ನಡುವೆ ಅವನ ಏದುಸಿರು.

“ತಮ್ಮಾ, ನಂಬರ್ ಎಷ್ಟ ಹೇಳಿದಿ? ಬರಕೊಳ್ಳೂದು ಬಿಟ್ಟೇನಿ.”

“ಯಾವ ನಂಬರ್ರಿ?”

“ಎಲ್‌ಸಿ ವಾಪಸ್ ಕೊಟ್ಟಿದ್ದು.”

ಅವನು ಒಂದೊಂದೇ ಮಾತು ಬಿಡಿಸಿ ಹೇಳಿದ.

“ನಾ ಎಲ್ಲಿ ವಾಪಸ್ ಕೊಟ್ಟೇನ್ರಿ? ಕಂಬದ ಮ್ಯಾಲೆ ಅದೇನಿ. ಇಬ್ಬರೂ ಮ್ಯಾಲೆ ಅದೇವಿ. ಯಾಕ್ರಿ?”

“ಏನಿಲ್ಲ,” ಎಂದೆ. “ಏನಿಲ್ಲ, ಬ್ಯಾರೆ ಲೈನಿಂದು ಅನ್ಕೊಂಡೆ. ನೀವು ಕೆಲಸ ಮಾಡ್ರಿ.”

“ಅಣ್ಣಾರ, ಲೈನ್ ಬಂದ್ ಐತಿಲ್ಲೊ?”

“ಬಂದ್ ಐತಿ.”

ಆ ಕ್ಷಣಕ್ಕೆ ಅದು ನಿಜ. ಅಂಗಳಕ್ಕೆ ಓಡಿದೆ. ಸ್ವಿಚ್ ಬಿಚ್ಚಿದೆ. ಅರ್ಥ್ ಹಾಕಿದೆ, ಹಲಗೆ ತೂಗಿದೆ, ತೂಗಿದ ಮೇಲೂ ಎರಡು ಸಲ ಮುಟ್ಟಿ ನೋಡಿದೆ. ಸುಡುವ ಜಲ್ಲಿಕಲ್ಲಿನ ಮೇಲೆಯೇ ಕುಳಿತುಬಿಟ್ಟೆ. ಒಳಗೆ ಫೋನು ಬಡಿದುಕೊಳ್ಳುತ್ತಲೇ ಇತ್ತು. ಕಂಬದ ಹತ್ತಿರವೂ ತಂತಿಗೆ ಅರ್ಥಿಂಗ್ ರಾಡ್ ಹಾಕಿಕೊಂಡೇ ಹತ್ತಬೇಕೆಂಬ ನಿಯಮವಿದೆ. ಅವತ್ತು ಅವರು ಹಾಕಿಕೊಂಡಿದ್ದರೋ ಇಲ್ಲವೋ, ಇವತ್ತಿನವರೆಗೂ ನಾನು ಕೇಳಿಲ್ಲ. ಕೇಳುವ ಧೈರ್ಯವಿಲ್ಲ.

ಮೂರು ಗಂಟೆಗೆ ಅವನು ನಿಜವಾಗಿ ಎಲ್‌ಸಿ ವಾಪಸ್ ಕೊಟ್ಟ. ನಂಬರನ್ನು ಮೂರು ಸಲ ಹೇಳಿಸಿದೆ. ಆಮೇಲೂ ಅವನು ಸ್ಟೇಷನ್ನಿಗೆ ಬರುವವರೆಗೆ ಕರೆಂಟು ಬಿಡಲಿಲ್ಲ. ಅವನು ಬಂದು ಹೆಲ್ಮೆಟ್ಟು ಮೇಜಿನ ಮೇಲಿಟ್ಟು ನೀರು ಕುಡಿದ. ಅವನನ್ನು ಕಣ್ಣೆದುರು ನೋಡಿದ ಮೇಲೆಯೇ ಹಲಗೆ, ಅರ್ಥ್ ತೆಗೆದು, ಸ್ವಿಚ್ ಕೂಡಿಸಿ ಬಂದು ಹಿಡಿ ತಿರುವಿದೆ.

“ಏನಾಗೈತ್ರಿ ಅಣ್ಣಾರ? ಮುಖ ಯಾಕ ಹಿಂಗಾಗೈತಿ?”

ರಜಿಸ್ಟರನ್ನು ಅವನ ಕಡೆ ತಿರುಗಿಸಿದೆ. ಹನ್ನೆರಡು ಇಪ್ಪತ್ತು ಎಂದು ಬರೆದ ಜಾಗಕ್ಕೆ ಬೆರಳಿಟ್ಟೆ. ಹೇಳಿದೆ. ಹಲಗೆ ತೆಗೆದದ್ದು, ಅರ್ಥ್ ಬಿಚ್ಚಿದ್ದು, ಹಿಡಿ ಹಿಡಿದು ನಿಂತದ್ದು. ಕೊರೊನಾ ಆದಾಗಿನಿಂದ ತಲೆ ಹೀಗಾಗಿದೆ ಎಂಬುದನ್ನೂ ಹೇಳಿದೆ. ಅವನು ಕೇಳುತ್ತ ಕೇಳುತ್ತ ಕುರ್ಚಿಯಿಂದ ಎದ್ದು ಬಾಗಿಲಿಗೆ ಹೋಗಿ ನನಗೆ ಬೆನ್ನು ಮಾಡಿ ನಿಂತ. ಅವನ ಅಂಗಿಯ ಬೆನ್ನು ಬೆವರಿನಿಂದ ತೊಯ್ದಿತ್ತು.

“ಎಷ್ಟ ದಿನದಿಂದ ಹಿಂಗ ಐತ್ರಿ?”

“ಐದಾರು ತಿಂಗಳಾತು.”

“ಐದಾರ ತಿಂಗಳಿಂದ ನಾ ನಿಮ್ಮ ಕಡೆ ಎಲ್‌ಸಿ ತಗೊಂಡು ಕಂಬ ಹತ್ತಾಕತ್ತೇನಿ.” ತಿರುಗಿದ. ಕಣ್ಣುಗಳು ಕೆಂಪಾಗಿದ್ದವು. “ನನಗ ಎರಡ ಹೆಣ್ಮಕ್ಕಳದಾವು ಅಣ್ಣಾರ. ನಿಮಗ ಗೊತ್ತೈತಿ. ಅವರ ಹೆಸರೂ ನಿಮಗ ಗೊತ್ತೈತಿ. ಒಂದ ಮಾತ ಹೇಳಾಕ ಆಗಲಿಲ್ಲೇನ್ರಿ?”

“ಹೆದರಿದ್ದೆ.”

“ನೀವು ನೌಕರಿಗೆ ಹೆದರಿದ್ರಿ.”

ಅವನು ಹೆಲ್ಮೆಟ್ಟು ಎತ್ತಿಕೊಂಡ.

“ನಾಳೆಯಿಂದ ನಿಮ್ಮ ಕೈಯಾಗ ನಾ ಎಲ್‌ಸಿ ತಗೊಳ್ಳೂದಿಲ್ಲ. ಸಾಹೇಬ್ರಿಗೆ ನೀವಽ ಹೋಗಿ ಹೇಳ್ರಿ. ಹೇಳಲಿಲ್ಲಾಂದ್ರ ನಾ ಹೇಳ್ತೇನಿ. ನಾ ಹೇಳಿದ್ರ ಅದು ಬ್ಯಾರೆ ಆಗ್ತೈತಿ.”

ಮನೆಗೆ ಹೋಗಿ ಹೆಂಡತಿಗೆ ಹೇಳಿದಾಗ ಅವಳು ಅಳಲಿಲ್ಲ, ‘ನಾ ಹೇಳಿರಲಿಲ್ಲೇನು’ ಎಂದೂ ಅನ್ನಲಿಲ್ಲ. ರೊಟ್ಟಿ ಬಡಿಯುತ್ತಿದ್ದವಳು ಕೈ ತೊಳೆದುಕೊಂಡು ಬಂದು ಎದುರಿಗೆ ಕುಳಿತಳು. “ಅವರಿಬ್ಬರೂ ಮನಿ ಮುಟ್ಯಾರಲ್ರಿ?” ಎಂದು ಕೇಳಿದಳು. ಮುಟ್ಟಿದ್ದಾರೆ ಎಂದೆ. “ಮತ್ತ ನಾಳೆ ಮುಂಜಾನೆನ ಹೋಗೂನು. ನಾನೂ ಬರ್ತೇನಿ.”

ಸಿಂದಗಿಯ ಆಫೀಸಿಗೆ ಇಬ್ಬರೂ ಹೋದೆವು. ಹೆಂಡತಿ ಹೊರಗಿನ ಬೆಂಚಿನ ಮೇಲೆ ಕುಳಿತಳು. ಸೆಕ್ಷನ್ ಆಫೀಸರು ಮೊದಲು ನಂಬಲಿಲ್ಲ. “ಮರವು ಯಾರಿಗಿಲ್ರಿ? ನನಗೂ ಐತಿ. ಹದಿನೈದ ದಿನ ರಜಾ ಹಾಕ್ರಿ, ಬಾದಾಮಿ ತಿನ್ರಿ, ಸರಿ ಆಗ್ತೈತಿ,” ಎಂದರು. ನಾನು ಬರೆದು ತಂದ ಅರ್ಜಿ ಮುಂದಿಟ್ಟೆ. ಓದಿ ಅದನ್ನು ನನ್ನ ಕಡೆಗೇ ಸರಿಸಿದರು.

“ಇದನ್ನ ನಾ ತಗೊಂಡ್ರ ನಿಮ್ಮ ನೌಕರಿ ಏನಾಗ್ತೈತಿ ಗೊತ್ತೈತೇನ್ರಿ? ಯಾರಿಗೂ ಏನೂ ಆಗಿಲ್ಲ. ಹರದು ಒಗೀರಿ.”

ಹರಿದು ಒಗೆಯಬಹುದಿತ್ತು. ಒಂದು ಕ್ಷಣ ಕೈ ಆ ಕಡೆ ಹೋಯಿತು ಕೂಡ. ಮೊಬೈಲಿನಲ್ಲಿ ತೆಗೆದುಕೊಂಡಿದ್ದ ರಜಿಸ್ಟರಿನ ಪುಟದ ಫೋಟೋ ತೋರಿಸಿದೆ. “ಸಾಹೇಬ್ರ, ಈ ಹೊತ್ತ ನಾನಽ ಬರದೇನ್ರಿ. ಈ ಹೊತ್ತಿನ್ಯಾಗ ಇಬ್ಬರು ಕಂಬದ ಮ್ಯಾಲೆ ಇದ್ರು.” ಅವರು ಫೋಟೋವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ಆಮೇಲೆ ಫೋನೆತ್ತಿ ನನ್ನ ಪಾಳಿಗೆ ಬೇರೆಯವರನ್ನು ಹಾಕಿಸಿದರು. ಅರ್ಜಿಯನ್ನು ತೆಗೆದುಕೊಂಡರು.

ವಿಜಯಪುರದ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಐದು ಶಬ್ದ ಹೇಳಿ ನೆನಪಿಟ್ಟುಕೊಳ್ಳಲು ಹೇಳಿದರು. ಆಮೇಲೆ ಗಡಿಯಾರ ಬರೆಸಿದರು, ನೂರರಿಂದ ಏಳೇಳು ಕಳೆಯಿಸಿದರು. ಆ ಐದು ಶಬ್ದ ಹೇಳ್ರಿ ಎಂದಾಗ ನನಗೆ ಎರಡೇ ಬಂದವು. ಮೂರನೆಯದಕ್ಕೆ ತಡಕಾಡುತ್ತ ಕುಳಿತಾಗ ಪಕ್ಕದಲ್ಲಿದ್ದ ಹೆಂಡತಿಯ ತುಟಿಗಳು ಅಲುಗುತ್ತಿದ್ದವು. ಅವಳಿಗೆ ಐದೂ ನೆನಪಿದ್ದವು. ರಕ್ತ ಪರೀಕ್ಷೆ, ತಲೆಯ ಸ್ಕ್ಯಾನು ಎಲ್ಲ ಆದವು. ಅವುಗಳಲ್ಲಿ ಏನೂ ಸಿಗಲಿಲ್ಲ.

“ಇದು ಹುಚ್ಚಲ್ರಿ, ಮುಪ್ಪಿನ ಮರವೂ ಅಲ್ಲ,” ಎಂದರು. “ಕೊರೊನಾ ಆದ ಮ್ಯಾಲೆ ಕೆಲವರಿಗೆ ಹಿಂಗ ಆಗ್ತೈತಿ. ನನ್ನ ಕಡೆ ಬರೂ ಪೇಷಂಟ್‌ಗಳಾಗ ನೀವೊಬ್ಬರ ಅಲ್ಲ. ಇದಕ್ಕಂತ ಒಂದ ಗುಳಿಗಿ ಇಲ್ಲ. ಹೊತ್ತಿಗೆ ಸರಿಯಾಗಿ ನಿದ್ದಿ ಮಾಡ್ರಿ. ಒಂದ ಹೊತ್ತಿಗೆ ಒಂದ ಕೆಲಸ. ದಣಿಯೂಕಿಂತ ಮೊದಲ ನಿಲ್ಸ್ರಿ, ದಣದ ಮ್ಯಾಲಲ್ಲ.”

“ಪೂರಾ ಸರಿ ಆಗ್ತೈತೇನ್ರಿ?”

“ಭಾಳ ಮಂದಿಗೆ ನಿಧಾನಕ್ಕ ಸುಧಾರಸ್ತೈತಿ. ಪೂರಾ ಅಂತ ನಾ ಹೇಳಂಗಿಲ್ಲ. ಸುಳ್ಳ ಹೇಳಿದಂಗ ಆಗ್ತೈತಿ.”

ಎಷ್ಟೋ ತಿಂಗಳ ಮೇಲೆ ಒಬ್ಬರು ನನಗೆ ನೇರ ಮಾತು ಹೇಳಿದ್ದರು. ಹೊರಗೆ ಬಂದು ಆಸ್ಪತ್ರೆಯ ಗೋಡೆ ಹಿಡಿದು ಅತ್ತೆ.

ರಜೆಯಲ್ಲಿ ಒಂದು ತಿಂಗಳು ಹೆಂಡತಿಯ ತವರಿನಲ್ಲಿದ್ದೆವು. ಇಂಡಿ ತಾಲೂಕಿನ ಝಳಕಿಯ ಹತ್ತಿರ ಅವಳ ತಮ್ಮನಿಗೆ ನಿಂಬೆಯ ತೋಟವಿದೆ. ಹೆದ್ದಾರಿಯ ಲಾರಿಗಳ ಸಪ್ಪಳ ತೋಟದವರೆಗೂ ಬರುತ್ತದೆ. ಮೊದಮೊದಲು ಅದಕ್ಕೇ ತಲೆ ಸಿಡಿಯುತ್ತಿತ್ತು. ಅವನು ನನಗೆ ಹಣ್ಣು ಬೇರ್ಪಡಿಸುವ ಕೆಲಸ ಕೊಟ್ಟ: ದಪ್ಪನೆಯದು ಒಂದು ಬುಟ್ಟಿಗೆ, ಸಣ್ಣದು ಇನ್ನೊಂದಕ್ಕೆ, ಕಲೆ ಬಿದ್ದದ್ದು ಮತ್ತೊಂದಕ್ಕೆ. ಮೊದಲ ದಿನ ಅರ್ಧ ತಾಸಿಗೆ ಬುಟ್ಟಿಗಳು ಅದಲುಬದಲಾದವು. ಅವನು ಬಂದು ನೋಡಿ, ಮೂರನ್ನೂ ಒಂದೇ ರಾಶಿಗೆ ಸುರುವಿ, “ಮತ್ತ ಸುರು ಮಾಡ್ರಿ ಮಾವಾ, ಗಡಿಬಿಡಿ ಏನಿಲ್ಲ,” ಎಂದ. ತಿಂಗಳ ಕೊನೆಗೆ ಎರಡು ತಾಸು ತಪ್ಪಿಲ್ಲದೆ ಬೇರ್ಪಡಿಸುತ್ತಿದ್ದೆ. ಹದಿನೇಳು ವರ್ಷ ನೌಕರಿ ಮಾಡಿದವನಿಗೆ ನಿಂಬೆಹಣ್ಣು ಆರಿಸುವುದು ಬಂದಿತೆಂಬುದೇ ದೊಡ್ಡ ಸಂಗತಿಯಾಗಿತ್ತು. ನಾಚಿಕೆಯೂ ಆಗುತ್ತಿತ್ತು, ಸಮಾಧಾನವೂ ಆಗುತ್ತಿತ್ತು.

ವಿಚಾರಣೆ ನಡೆಯಿತು. ನೌಕರಿ ಹೋಗಲಿಲ್ಲ, ಒಂದು ವರ್ಷದ ವೇತನ ಬಡ್ತಿ ನಿಂತಿತು. ಡಾಕ್ಟರ ಪತ್ರದ ಮೇಲೆ ನನ್ನನ್ನು ಬಸವನ ಬಾಗೇವಾಡಿಯ ಆಫೀಸಿನಲ್ಲಿ ದೂರುಗಳನ್ನು ಬರೆದುಕೊಳ್ಳುವ ಮೇಜಿಗೆ ಹಾಕಿದರು. ಅಲ್ಲಿ ನನ್ನ ಕೈಯಲ್ಲಿ ಯಾವ ಸ್ವಿಚ್ಚೂ ಇರಲಿಲ್ಲ. ಕಂಬ ಬಿದ್ದಿದೆ, ತಂತಿ ಕಡಿದಿದೆ, ಟ್ರಾನ್ಸ್‌ಫಾರ್ಮರು ಸುಟ್ಟಿದೆ ಎಂದು ಫೋನ್ ಬಂದರೆ ಬರೆದು, ಓದಿ ಹೇಳಿ, ಸಂಬಂಧಪಟ್ಟವರಿಗೆ ದಾಟಿಸುವುದು. ಫೋನ್ ಮಾಡಿದವರು ಬೇಸರಪಡುತ್ತಿದ್ದರು: “ಎಷ್ಟ ಸಲ ಹೇಳಬೇಕ್ರಿ ನಿಮಗ?” ಎಷ್ಟು ಸಲವಾದರೂ ಕೇಳಿಯೇ ಬರೆಯುತ್ತಿದ್ದೆ.

ಆ ಲೈನ್‌ಮನ್ ಒಂದು ವರ್ಷಕ್ಕೂ ಹೆಚ್ಚು ಕಾಲ ನನ್ನೊಡನೆ ಮಾತಾಡಲಿಲ್ಲ. ಕನ್ನೊಳ್ಳಿಯ ಒಂದು ಮದುವೆಯಲ್ಲಿ ಎದುರಾದಾಗ ತಲೆ ಬಗ್ಗಿಸಿ ಪಕ್ಕದ ಸಾಲಿನಲ್ಲಿ ಊಟಕ್ಕೆ ಕುಳಿತ. ಅವನದು ತಪ್ಪೆಂದು ನಾನು ತಿಳಿಯಲಿಲ್ಲ. ಅವನ ಹೆಂಡತಿ ಬಂದು ನನ್ನ ಹೆಂಡತಿಯ ಕೈ ಹಿಡಿದು ಎರಡು ಮಾತಾಡಿದಳು. ಏನೆಂದು ನಾನು ಕೇಳಲಿಲ್ಲ. ಆಮೇಲೊಂದು ದಿನ ಅವನ ವರ್ಗಾವಣೆಯೂ ಬಾಗೇವಾಡಿ ಕಡೆಗಾಯಿತು. ಮಳೆಗಾಲದ ಒಂದು ಮುಂಜಾನೆ ನನ್ನ ಮೇಜಿನ ಫೋನ್ ಬಡಿಯಿತು. ಎತ್ತಿದೆ. ದನಿ ತಕ್ಷಣ ಗುರುತು ಸಿಕ್ಕಿತು.

“ಬರಕೊಳ್ರಿ. ಕಂಬ ವಾಲೈತಿ, ಕನ್ನಡ ಸಾಲಿ ಹಿಂದಿಂದು. ತಂತಿ ಜೋತಾಡಾಕತ್ತೈತಿ. ಮಂದಿನ್ನ ದೂರ ನಿಲ್ಲಿಸೇನಿ.” ಊರು ಹೇಳಿದ, ಕಂಬದ ನಂಬರು ಹೇಳಿದ. “ಬರಕೊಂಡ್ರಿ? ಓದ್ರಿ ಒಮ್ಮೆ.”

ಓದಿದೆ.

“ಸರಿ ಐತ್ರಿ,” ಎಂದ. ಫೋನಿಡುತ್ತಾನೆ ಎಂದುಕೊಂಡೆ. “ಆರಾಮ ಅದೀರಿಲ್ರಿ ಅಣ್ಣಾರ?”

“ಆರಾಮ ಅದೇನಿ ತಮ್ಮಾ. ಮೊದಲಿಗಿಂತ ಚಲೋ.”

“ಹೂಂ,” ಎಂದು ಇಟ್ಟ. ಅಷ್ಟೇ. ಈಗ ಹಬ್ಬಕ್ಕೆ ಹರಿದಿನಕ್ಕೆ ಮಾತಾಡುತ್ತೇವೆ. ಮೊದಲಿನಂತಲ್ಲ.

ಈಗ ನಾಲ್ಕು ವರ್ಷದ ಮೇಲಾಯಿತು. ಪತ್ರಿಕೆಯನ್ನು ಒಂದೇ ಸಲಕ್ಕೆ ಓದುತ್ತೇನೆ. ಹೆಸರುಗಳು ತಡವಾಗಿಯಾದರೂ ಬರುತ್ತವೆ. ಜ್ವರ ಬಂದರೆ, ನಿದ್ದೆಗೆಟ್ಟರೆ, ಗದ್ದಲದ ಜಾಗದಲ್ಲಿ ಕುಳಿತರೆ ತಲೆಯೊಳಗೆ ಮತ್ತೆ ಆ ಹತ್ತಿ. ಇನ್ನೊಬ್ಬರಿಗೆ ಕಾಣುವುದಿಲ್ಲ. ನನಗೆ ಗೊತ್ತಾಗುತ್ತದೆ, ಗೊತ್ತಾದ ಕೂಡಲೇ ಬಾಯಿಬಿಟ್ಟು ಹೇಳುತ್ತೇನೆ: “ಇವತ್ತ ನನ್ನ ತಲಿ ಸರಿ ಇಲ್ಲ, ನೀವೊಮ್ಮೆ ನೋಡ್ರಿ.” ಮೊದಲ ಸಲ ಇದನ್ನು ಹೇಳಿದಾಗ ಪಕ್ಕದ ಮೇಜಿನವರು ನಕ್ಕಿದ್ದರು. ಈಗ ಯಾರೂ ನಗುವುದಿಲ್ಲ.

ಹೋದ ತಿಂಗಳು ಮೇಲಿನವರು ಕರೆದರು. ಸ್ಟೇಷನ್ನುಗಳಲ್ಲಿ ಆಪರೇಟರ್‌ಗಳು ಕಡಿಮೆ ಬಿದ್ದಿದ್ದಾರೆ, ನಿಮಗೆ ಅನುಭವವಿದೆ, ಡಾಕ್ಟರ ಪತ್ರ ತಂದರೆ ಮತ್ತೆ ಪಾಳಿಗೆ ಹಾಕುತ್ತೇವೆ, ನಿಂತ ಬಡ್ತಿಯ ಮಾತೂ ನೋಡೋಣ ಎಂದರು. ಯೋಚಿಸಲು ಎರಡು ದಿನ ಕೇಳಿಕೊಂಡೆ. ಆಸೆ ಆಗಲಿಲ್ಲ ಎಂದರೆ ಸುಳ್ಳು. ಆ ಅಂಗಳ, ಆ ಗುಂಯ್‌ಗುಡುವ ಸಪ್ಪಳ, ದನಿಯ ಮೇಲೆಯೇ ಮಂದಿಯನ್ನು ಗುರುತಿಸುತ್ತಿದ್ದ ನಾನು, ಎಲ್ಲ ಒಮ್ಮೆಲೇ ಬೇಕೆನಿಸಿತು.

ಮನೆಯಲ್ಲಿ ಹೆಂಡತಿ ಕೇಳಿದಳು, “ಏನ್ ಮಾಡ್ತೀರಿ?”

“ಬ್ಯಾಡ ಅಂತ ಬರದು ಕೊಟ್ಟು ಬಂದೆ.”

“ಕಾರಣ ಏನ್ ಬರದ್ರಿ?”

“ಇದ್ದದ್ದಽ ಬರದೆ. ಹತ್ತರಾಗ ಒಂಬತ್ತ ದಿನ ನಾ ಸರಿ ಇರ್ತೇನಿ ಅಂತ.”

ಅವಳು ತಾಟಿನಲ್ಲಿ ರೊಟ್ಟಿ ಹಾಕಿ ನನ್ನ ಮುಂದೆ ಸರಿಸಿದಳು. “ಉಣ್ರಿ, ಆರಾಕತ್ತೈತಿ,” ಎಂದಳು.